ಪ್ಲೇಟಿನೊಳಗಿನ ಸವತಿ

ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಏನಾದರೊಂದು ಬರಲೇಬೇಕು. ರಾಯಬಾಗದ ನಮ್ಮ ಓಣಿಯಲ್ಲಿ ಒಬ್ಬರಿಗೆ ಸಕ್ಕರೆ ಬಂತು, ಇನ್ನೊಬ್ಬರಿಗೆ ಮೊಣಕಾಲು ನೋವು ಬಂತು. ಧರೆಪ್ಪನಿಗೆ ಸಂಗೀತ ಬಂತು.

ಹಾಡಲು ಬಂತು ಎಂದು ಯಾರೂ ತಪ್ಪು ತಿಳಿಯಬಾರದು. ಅವನು ಹಾಡಿದರೆ ಎಮ್ಮೆ ಹಾಲು ಕೊಡುವುದಿಲ್ಲ. ಅದನ್ನು ಅವನ ಹೆಂಡತಿ ಲಗಮವ್ವ ಮದುವೆಯ ಹೊಸದರಲ್ಲೇ ಕಂಡುಕೊಂಡಿದ್ದಳು. ಬಂದದ್ದು ಸಂಗೀತದ ಬಗ್ಗೆ ಮಾತಾಡುವ ರೋಗ. ಅದಕ್ಕೆ ಔಷಧವಿಲ್ಲ, ಪಥ್ಯವೂ ಇಲ್ಲ. ಪಥ್ಯ ಮಾಡಬೇಕಾದವರು ಅಕ್ಕಪಕ್ಕದವರು.

ಅದು ೧೯೯೨ರ ಸುಮಾರು. ಎಲ್ಲಿ ನೋಡಿದರೂ ಕ್ಯಾಸೆಟ್ಟು. ಪಾನ್ ಅಂಗಡಿಯಲ್ಲಿ ಕ್ಯಾಸೆಟ್ಟು, ಹಜಾಮರ ಅಂಗಡಿಯಲ್ಲಿ ಕ್ಯಾಸೆಟ್ಟು, ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನಲ್ಲೂ ಕ್ಯಾಸೆಟ್ಟು. ತಾಲ್ಲೂಕಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಧರೆಪ್ಪ ಸಂಜೆ ಕಟ್ಟೆಯ ಮೇಲೆ ಕುಳಿತು, ಹಾದುಹೋಗುವ ಪ್ರತಿ ಟ್ರ್ಯಾಕ್ಟರಿಗೂ ಮುಖ ಸಿಂಡರಿಸುತ್ತಿದ್ದ.

“ಇದಕ್ಕ ಹಾಡ ಅಂತಾರೇನೋ? ಡಬ್ಬ್ಯಾಗ ಕಲ್ಲ ಹಾಕಿ ಅಳಗ್ಯಾಡಿಸಿದಂಗ ಐತಿ. ಹಾಡ ಅಂದ್ರ ಪ್ಲೇಟಿಂದು. ಅದರಾಗೂ ಸಣ್ಣ ಪ್ಲೇಟಿಂದು. ಅದರಾಗೂ ಜೋಡಗಿಳಿ!”

ಜೋಡಗಿಳಿ ಎಂಬುದು ನಿಪ್ಪಾಣಿಯ ಒಂದು ಪುಟ್ಟ ಕಂಪನಿ. ನಾವು ಹುಡುಗರಾಗಿದ್ದಾಗ ದೊಡ್ಡ ದೊಡ್ಡ ಕಂಪನಿಗಳು ನಮ್ಮ ಕಡೆಯ ಹಾಡಿಗೆ ಸೊಪ್ಪು ಹಾಕುತ್ತಿರಲಿಲ್ಲ. ಆಗ ಯಾರೋ ಪುಣ್ಯಾತ್ಮ ತಂಬಾಕಿನ ಗೋದಾಮಿನ ಹಿಂದಿನ ಕೋಣೆಯಲ್ಲಿ ಕಂಪನಿ ತೆಗೆದು, ಬೀಗರ ಹಾಡು, ಕುಟ್ಟುವ ಹಾಡು, ಭಜನೆ ಎಲ್ಲವನ್ನೂ ಸಣ್ಣ ಪ್ಲೇಟಿಗೆ, ಎಂದರೆ ಗ್ರಾಮಫೋನ್ ತಟ್ಟೆಗೆ, ಇಳಿಸಿದ್ದ. ಮಗ್ಗುಲಿಗೊಂದು ಹಾಡು. ನಡುವೆ ಹಸಿರು ಕಾಗದ, ಅದರ ಮೇಲೆ ಕೊಕ್ಕಿಗೆ ಕೊಕ್ಕು ಹಚ್ಚಿದ ಎರಡು ಗಿಳಿ. ಗೋದಾಮಿನಲ್ಲಿ ಬೆಳೆದದ್ದರಿಂದ ಪ್ಲೇಟಿಗೆ ತಂಬಾಕಿನ ವಾಸನೆ ಖಾಯಂ. ಲಗ್ನದ ಮನೆಯಲ್ಲಿ ಉಸ್ಮಾನ ಅದನ್ನು ಹಚ್ಚಿದರೆ ಮುದುಕರು ಸೀನುತ್ತ ಹಾಡು ಕೇಳುತ್ತಿದ್ದರು. ಕ್ಯಾಸೆಟ್ಟು ಬಂದದ್ದೇ ತಡ, ಗಿಳಿಗಳು ಹಾರಿಹೋದವು.

ಉಸ್ಮಾನ ಎಂದರೆ ಉಸ್ಮಾನ ಸೌಂಡ್ ಸರ್ವಿಸ್‌ನ ಉಸ್ಮಾನ. ಅವನು ಪ್ಲೇಟು ಹಚ್ಚುವ ಹಳೆಯ ಪೆಟ್ಟಿಗೆಯನ್ನು ಅಟ್ಟಕ್ಕೆಸೆದಿದ್ದ. ಧರೆಪ್ಪ ಅದನ್ನು ಇಳಿಸಿಕೊಂಡು, ಒಳಗಿನ ಇಲಿಯ ಸಂಸಾರವನ್ನು ಹೊರಗೆ ಹಾಕಿ, ತನ್ನ ಮನೆಯಲ್ಲಿ ಪ್ರತಿಷ್ಠಾಪಿಸಿದ. ಆಮೇಲೆ ಪ್ಲೇಟು ಕೂಡಿಸತೊಡಗಿದ. ಹಾಸಿಗೆಯ ಕೆಳಗೆ, ಜೋಳದ ಚೀಲದ ಹಿಂದೆ, ಕೊನೆಗೆ ದೇವರ ಜಗಲಿಯ ಮೇಲೂ ಪ್ಲೇಟು ಬಂದಾಗ ಲಗಮವ್ವ ಒಂದೇ ಮಾತು ಹೇಳಿದಳು:

“ಇನ್ನೊಂದ ಪ್ಲೇಟ ಈ ಮನಿಯೊಳಗ ಬಂದ್ರ ಒಲಿಗೆ ಹಾಕತೀನಿ.”

ಲಗಮವ್ವ ತೆಲಸಂಗದವಳು. ಮಾತು ಕಡಿಮೆ. ಇಷ್ಟು ಉದ್ದದ ಮಾತು ಅವಳಿಂದ ಬಂದಿತೆಂದರೆ ಒಲೆ ಉರಿಯುತ್ತಿದೆ ಎಂದೇ ಅರ್ಥ. ಅಂದಿನಿಂದ ಧರೆಪ್ಪ ಭಾನುವಾರಗಳಲ್ಲಿ “ಚಿಕ್ಕೋಡ್ಯಾಗ ಆಫೀಸಿನ ಕೆಲಸ ಐತಿ” ಎಂದು ಹೇಳಿ ನಿಪ್ಪಾಣಿಯ ಬಸ್ಸು ಹತ್ತತೊಡಗಿದ. ಭಾನುವಾರ ತೆರೆದಿರುವ ಸರ್ಕಾರಿ ಕಚೇರಿ ಚಿಕ್ಕೋಡಿಯಲ್ಲಿ ಯಾವುದಪ್ಪಾ ಎಂದು ಓಣಿಯಲ್ಲಿ ಮೊದಲು ಕೇಳಿದವಳು ಎದುರುಮನೆಯ ಕಾಶಿಬಾಯಿ.

ಕಾಶಿಬಾಯಿಗೆ ಗಂಡನಿದ್ದಾನೆ, ಮುರಗೆಪ್ಪ ಎಂದು. ಎರಡು ಎಮ್ಮೆ ಇವೆ. ಆದರೆ ಅವಳ ಮುಖ್ಯ ಉದ್ಯೋಗ ಸಂಶಯ. ಹಾಲಿನವನು ನಕ್ಕರೆ ಹಾಲಿಗೆ ನೀರು ಹಾಕಿದ್ದಾನೆ, ನಗದಿದ್ದರೆ ಹೆಚ್ಚು ಹಾಕಿದ್ದಾನೆ. ಅವಳ ತಂಗಿಯನ್ನು ನಿಪ್ಪಾಣಿಗೇ ಕೊಟ್ಟಿತ್ತು. ತಂಗಿಯಿಂದ ಸುದ್ದಿ ಬಂತು: ಧರೆಪ್ಪನನ್ನು ಸಂತೆಯಲ್ಲಿ ನೋಡಿದ್ದಾಯಿತು, ಕೈಯಲ್ಲಿ ಏನೋ ದುಂಡಗಿನದನ್ನು ಹಿಡಿದು ಮೂಸಿ ಕಣ್ಣು ಮುಚ್ಚಿದ್ದ.

“ಲಗಮವ್ವ, ನಿನ್ನ ಗಂಡನ ಅಂಗಿ ತಂಬಾಕ ನಾರತೈತಿ. ಅಂವಾ ತಂಬಾಕ ತಿಂತಾನೇನ?”

“ಇಲ್ಲವ್ವ.”

“ಹಂಗಾದ್ರ ತಂಬಾಕದಾಗ ಕೆಲಸಾ ಮಾಡೋ ಯಾರದೋ ವಾಸನಿ ಇರಬೇಕಲ್ಲಾ?” ಎಂದು ಕೇಳಿ ಕಾಶಿಬಾಯಿ ಎಮ್ಮೆಗೆ ಹುಲ್ಲು ಹಾಕಲು ಹೋದಳು. ಬೀಜ ಬಿತ್ತಿದವರು ಅಲ್ಲೇ ನಿಲ್ಲುವುದಿಲ್ಲ.

ಪಾಪದ ಧರೆಪ್ಪ ಹುಡುಕುತ್ತಿದ್ದದ್ದು ಒಂದೇ ಒಂದು ಪ್ಲೇಟು. ಅವನ ಲಗ್ನದಲ್ಲಿ ಉಸ್ಮಾನ ಹಚ್ಚಿದ್ದ ಬೀಗರ ಹಾಡು ಅದರಲ್ಲಿತ್ತು. ಅದರ ಹಿಂದೆ ಒಂದು ಗುಟ್ಟಿದೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. “ಇವರು”, “ನಮ್ಮನಿಯವರು”, ಹೆಚ್ಚೆಂದರೆ “ಇಲ್ಲೆ ನೋಡ್ರಿ”. ಹೇಳುವುದು ಒಡಪಿನಲ್ಲಿ ಮಾತ್ರ. ಹೊಸ ಮದುಮಕ್ಕಳು ಮನೆಗೆ ಬಂದಾಗ ನಾದಿನಿಯರು ಬಾಗಿಲು ತಡೆಯುತ್ತಾರೆ. ಮದುಮಗಳು ಪ್ರಾಸ ಹಚ್ಚಿ, ನಡುವೆ ಗಂಡನ ಹೆಸರು ಸೇರಿಸಿ ಒಡಪು ಹೇಳಿದರೇ ಹೊಸ್ತಿಲು ದಾಟಲು ಬಿಡುವುದು. ಧರೆಪ್ಪನ ಲಗ್ನದಲ್ಲಿ ಬಾಗಿಲ ಮುಂದೆ ಉಸ್ಮಾನ ಮದುಮಗಳ ಸೆರಗಿನ ಹತ್ತಿರ ಮೈಕು ಹಿಡಿದಿದ್ದ. ಮಾಳಿಗೆಯ ಮೇಲಿನ ಸ್ಪೀಕರಿನ ಭೋಂಗಾದಿಂದ ಜೇನಿನಂಥ ದನಿಯಲ್ಲಿ ಧರೆಪ್ಪನ ಹೆಸರು ಇಡೀ ರಾಯಬಾಗಕ್ಕೆ ಕೇಳಿತ್ತು. ಆಮೇಲೆ ಹದಿನೆಂಟು ವರ್ಷ ಲಗಮವ್ವ ಅವನ ಹೆಸರೆತ್ತಿಲ್ಲ, ಎತ್ತುವ ಕಾರಣವೂ ಇಲ್ಲ. ಆದರೆ ಆ ಒಂದು ದನಿಯ ನೆನಪಿನ ಮೇಲೆ ಧರೆಪ್ಪ ಹದಿನೆಂಟು ವರ್ಷ ಸುಖವಾಗಿ ಬೈಗುಳ ತಿಂದಿದ್ದ. ಆ ಹಾಡು ಸಿಕ್ಕರೆ ಆ ದಿನವೇ ಸಿಕ್ಕಂತೆ ಎಂದು ಅವನ ಲೆಕ್ಕ.

ಸಿಕ್ಕಿತು. ಸಿಕ್ಕಿದ್ದನ್ನು ಸುಮ್ಮನೆ ಕೇಳಿಕೊಂಡು ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರೋಗ ಬಿಡಬೇಕಲ್ಲ! “ಖರೇ ಹಾಡ ಅಂದ್ರ ಏನಂತ ಈ ಕ್ಯಾಸೆಟ್ಟಿನ ಮಂದಿಗೆ ತೋರಿಸ್ತೀನಿ” ಎಂದು ಉಸ್ಮಾನನಿಂದ ದನಿ ಹೆಚ್ಚಿಸುವ ಮಷೀನು, ಮೈಕು, ಭೋಂಗಾ ಎಲ್ಲ ತರಿಸಿ ಮಾಳಿಗೆಯ ಮೇಲೆ ಕಟ್ಟಿಸಿದ. ಲಗಮವ್ವ ಅಡಿಗೆಮನೆಯಿಂದಲೇ ನೋಡಿದಳು. ಊರವರ ಮುಂದೆ ಪ್ಲೇಟನ್ನು ಒಲೆಗೆ ಹಾಕುವುದು ಸರಿಯಲ್ಲವೆಂದು ಸುಮ್ಮನಾದಳು. ಉಸ್ಮಾನ ಹಸಿರು ಕಾಗದ ನೋಡಿದ್ದೇ ಬೆವರೊರೆಸಿಕೊಂಡ.

“ಧರೆಪ್ಪಣ್ಣ, ಈ ಮಗ್ಗಲಷ್ಟ ಹಚ್ಚರಿ. ಆ ಮಗ್ಗಲ ಬ್ಯಾಡ. ಸವದೈತಿ.”

“ನಿನಗ ತಿಳಿಯೂದಿಲ್ಲೋ. ಜೋಡಗಿಳಿ ಪ್ಲೇಟಿಂದು ಎರಡೂ ಮಗ್ಗಲ ಕೇಳಬೇಕು. ಹಂಗ ಶಾಸ್ತ್ರ ಐತಿ.”

ಅಂಥ ಶಾಸ್ತ್ರ ಯಾವುದೂ ಇಲ್ಲ. ಆದರೂ ಉಸ್ಮಾನ ಚಪ್ಪಲಿ ಹಾಕಿಕೊಂಡು, ಮನೆಯಲ್ಲಿ ಕೆಲಸವಿದೆ ಎಂದು ಹೊರಟುಹೋದ. ಸಾವಿರ ಲಗ್ನ ಮಾಡಿದ ಮನುಷ್ಯ ಮಷೀನು ಬಿಟ್ಟು ಹೋಗುವವನಲ್ಲ. ನಮಗೆ ಆಗಲೇ ಸಂಶಯ ಬರಬೇಕಿತ್ತು.

ಮೊದಲ ಮಗ್ಗುಲಿನ ಬೀಗರ ಹಾಡು ಮುಗಿಯಿತು. ಓಣಿಯವರು ಮರ್ಯಾದೆಗೆ ತಲೆದೂಗಿದರು. ಧರೆಪ್ಪ ಪ್ಲೇಟು ತಿರುವಿ ಹಾಕಿ ಮುಳ್ಳು ಇಟ್ಟ. ಕರಕರ ಸದ್ದು. ಆಮೇಲೆ ಬಳೆಯ ಸದ್ದು. ಆಮೇಲೆ ಒಬ್ಬ ಹೆಂಗಸು ನಾಚಿಕೊಂಡು ಕೆಮ್ಮಿ, ಹೇಳಿದಳು:

“ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ,
ಬಾಗಲ ಬಿಡ್ರವ್ವ, ನಿಂತೀನಿ ಈತನಕ,
ಧರೆಪ್ಪರಾಯರು ನನ್ನವರು ಕಡೀತನಕ!”

ಓಣಿಯವರೆಲ್ಲ ಕತ್ತೆತ್ತಿ ಭೋಂಗಾ ನೋಡಿದರು. ಧರೆಪ್ಪನ ಕಣ್ಣಲ್ಲಿ ಮಾತ್ರ ನೀರು ತುಂಬಿತು. ಒಳಗಿಂದ ಜೋಳದ ಹಿಟ್ಟಿನ ಕೈಯಲ್ಲೇ ಲಗಮವ್ವ ಓಡಿಬಂದಳು.

“ನೋಡ ಇಲ್ಲೆ! ನಿನ್ನ ದನಿ! ನಮ್ಮ ಲಗ್ನದಾಗ ನೀ ಹೇಳಿದ ಒಡಪ! ಯಾರೋ ಪ್ಲೇಟಿನ್ಯಾಗ ಹಿಡದಿಟ್ಟಾರ!” ಎಂದು ಧರೆಪ್ಪ ಕುಣಿದ.

ಲಗಮವ್ವ ಅವನನ್ನು ನೋಡಿದಳು. ಪ್ಲೇಟನ್ನು ನೋಡಿದಳು.

“ಅವತ್ತ ನಾ ಬಾಯಿ ಬಿಚ್ಚಿದ್ದಿಲ್ಲ,” ಎಂದಳು.

“ಏನು?”

“ಬಾಯಿ ಒಣಗಿ ಕಟಗಿ ಆಗಿತ್ತು. ಮಂದಿ ನೋಡಿ ಒಡಪ ಮರತ ಹೋಗಿತ್ತು. ಆ ಉಸ್ಮಾನ ಮೈಕ ತಂದು ಹಿಡದಾ. ನಾ ತುಟಿ ಅಳಗ್ಯಾಡಿಸಿದ್ದಿಲ್ಲ, ಮಾಳಗಿ ಮ್ಯಾಲಿಂದ ಯಾವಾಕಿನೋ ನಿಮ್ಮ ಹೆಸರ ಹೇಳಿದ್ಲು. ಮಂದಿ ಚಪ್ಪಾಳಿ ಬಡದ್ರು. ನಿಮ್ಮ ಅಕ್ಕಂದ್ರು ಬಾಗಲಾ ಬಿಟ್ರು. ಹೊಸಾ ಸೊಸಿ, ನಾ ಏನ ಅನ್ಲಿ? ಅವತ್ತಿಂದ ಯಾರ ಮನಿ ಲಗ್ನಕ್ಕ ಹೋದ್ರೂ ಹೆಂಗಸೂರ ದನಿ ಕೇಳಕೋತ ಕುಂದರತೀನಿ, ಯಾವಾಕಿ ಆಕಿ ಅಂತ. ಹದಿನೆಂಟ ವರ್ಸ ಆತು. ಈಗ ಆಕೀನ್ನ ನೀವ ನಿಪ್ಪಾಣಿಯಿಂದ ಪೆಟಗ್ಯಾಗ ಹಾಕ್ಕೊಂಡ ಬಂದೀರಿ!”

ಲಗಮವ್ವ ಯಾವ ಮದುವೆಯನ್ನೂ ತಪ್ಪಿಸದೆ, ಊಟದ ಕಡೆ ಗಮನ ಕೊಡದೆ, ಹೆಂಗಸರ ಗುಂಪಿನಲ್ಲಿ ಕಿವಿ ಕೊಟ್ಟು ಕೂರುತ್ತಿದ್ದುದು ಯಾಕೆಂದು ನಮಗೆ ಅಂದು ತಿಳಿಯಿತು. ನಾವು ಅವಳನ್ನು ಹಾಡಿನ ರಸಿಕಳೆಂದು ತಿಳಿದಿದ್ದೆವು.

ಕಾಶಿಬಾಯಿ ಅಷ್ಟರಲ್ಲಿ ಮುರಗೆಪ್ಪನಿಂದ ಪ್ಲೇಟಿನ ನಡುವಿನ ಅಕ್ಷರ ಓದಿಸಿದ್ದಳು. “ದನಿ: ಸೌಭಾಗ್ಯವತಿ” ಎಂದಷ್ಟೇ ಇತ್ತು.

“ಸೌಭಾಗ್ಯವತಿ ಅಂದ್ರ ಗಂಡ ಅದಾನ,” ಎಂದು ಅವಳು ತೀರ್ಪು ಓದುವವರಂತೆ ನಿಧಾನವಾಗಿ ಹೇಳಿದಳು. “ಗಂಡ ಯಾರು? ಹೆಸರ ಆಕೀನ ಹೇಳ್ಯಾಳ. ಯಾವ ಹೆಂಗಸು ಪರಗಂಡಸಿನ ಹೆಸರ ಒಡಪಿನ್ಯಾಗ ಹಿಡೀತಾಳ? ಜೀವಾ ಹೋದ್ರೂ ಹಿಡಿಯೂದಿಲ್ಲ!”

ನಮ್ಮ ಕಡೆಯ ಕಾಯ್ದೆ ಪ್ರಕಾರ ಇದು ತಾಳಿಗಿಂತ ದೊಡ್ಡ ಪುರಾವೆ. ಧರೆಪ್ಪನ ತಲೆಯಲ್ಲಿ ಬೇರೆಯೇ ಸಂಶಯ ಹೊಕ್ಕಿತ್ತು. ನನ್ನನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದ:

“ಈಕಿ ಹೇಳಿಲ್ಲಂದ್ರ, ಅವತ್ತ ನನ್ನ ಮಗ್ಗಲಕ ನಿಂತಾಕಿ ಯಾರು? ಸೆರಗ ಮಾರಿತುಂಬ ಇತ್ತು. ನಾ ಲಗ್ನಾ ಆದದ್ದರ ಯಾರನ್ನ?”

“ಹೊಸ್ತಿಲಾ ಹೆಸರ ಹೇಳಿದಾಕೀದು,” ಎಂದು ಲಗಮವ್ವ ಕೈಯ ಹಿಟ್ಟು ಒರೆಸಿಕೊಂಡಳು. “ನಾ ಹೇಳಿಲ್ಲ. ಹಂಗಾದ್ರ ಇಷ್ಟ ವರ್ಸ ಪರರ ಮನ್ಯಾಗ ರೊಟ್ಟಿ ಬಡದಂಗಾತು. ಆಕಿ ಮಾರಿ ನೋಡೂತನಕ ಒಳಗ ಕಾಲ ಇಡೂದಿಲ್ಲ. ತೆಲಸಂಗದಿಂದ ನಮ್ಮ ತಮ್ಮ ಬರಲಿ. ಆಕಿ ಸಿಗಲಿಲ್ಲಂದ್ರ ಅವನ ಜೋಡಿ ಹೋಗಾಕಿ.” ಹಾಗೆಂದು ಎದುರಿನ ಕಾಶಿಬಾಯಿಯ ಮನೆಗೆ ಹೋಗಿ ಕುಳಿತಳು.

ಮರುದಿನ ಧರೆಪ್ಪ ಸುಟ್ಟ ರೊಟ್ಟಿ ಕಟ್ಟಿಕೊಂಡು ಕಚೇರಿಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ಬಂದು ಕುರ್ಚಿಯಲ್ಲಿ ಕುಳಿತಿತ್ತು. ಹಳೇ ಮೈಸೂರಿನ ಕಡೆಯಿಂದ ಬಂದ ಸಾಹೇಬರು ಕರೆದರು.

“ಏನ್ರೀ ಧರೆಪ್ಪ, ಎರಡನೇ ಮದುವೆ ಆಗಿದ್ದೀರಂತೆ? ಸರ್ಕಾರಿ ನೌಕರರು ಹಾಗೆಲ್ಲ ಆಗೋ ಹಾಗಿಲ್ಲ, ಗೊತ್ತಲ್ಲ?”

“ಇಲ್ರೀ ಸಾಹೇಬ್ರ, ಯಾರೋ ಒಬ್ಬಾಕಿ ಪ್ಲೇಟಿನ್ಯಾಗ ನನ್ನ ಹೆಸರ ಹೇಳ್ಯಾಳ್ರಿ, ಅಷ್ಟ.”

“ಹೆಸರು ಹೇಳಿದರೆ ಏನಾಯ್ತು? ನನ್ನ ಹೆಂಡತಿ ದಿನಕ್ಕೆ ಹತ್ತು ಸಲ ನನ್ನ ಹೆಸರು ಕೂಗ್ತಾಳೆ.”

ಬಾಗಿಲಲ್ಲಿದ್ದ ಜವಾನ ಕಿವಿ ಮುಚ್ಚಿಕೊಂಡ. ಆಮೇಲೆ ಅವನೇ ಮುಂದೆ ಬಂದು ಒಡಪಿನ ಪದ್ಧತಿಯನ್ನು ಸಾಹೇಬರಿಗೆ ವಿವರಿಸಿದ. ಸಾಹೇಬರ ಮುಖ ನಿಧಾನವಾಗಿ ಗಂಭೀರವಾಯಿತು. ಕೇಳಿ ಮುಗಿಸಿದ ಮೇಲೆ ಅವರು ಧರೆಪ್ಪನ ಎದುರಿದ್ದ ಕಡತವನ್ನು ತಮ್ಮ ಕಡೆಗೆಳೆದುಕೊಂಡು, “ಇದು ಇತ್ಯರ್ಥ ಆಗೋವರೆಗೆ ರಜೆ ಹಾಕಿ. ಆ ಹೆಂಗಸಿನಿಂದ ಒಂದು ಹೇಳಿಕೆ ತಗೊಂಡು ಬನ್ನಿ,” ಎಂದರು.

ಉಸ್ಮಾನನನ್ನು ಹಿಡಿದೆವು. ಅವನು ಅಂಗಡಿಯ ಹಿಂಬಾಗಿಲಿನಲ್ಲಿ ವೈರು ಸುತ್ತುತ್ತಿದ್ದ.

“ಉಸ್ಮಾನ, ಅವತ್ತ ಹೇಳಿದಾಕಿ ಯಾರೋ?” ಎಂದು ಧರೆಪ್ಪ ಅಳುಮುಖ ಮಾಡಿ ಕೇಳಿದ.

“ಖುದಾ ಕಸಮ್, ಧರೆಪ್ಪಣ್ಣ, ನನ್ನ ಏನೂ ಕೇಳಬ್ಯಾಡ್ರಿ. ಧಂದೇದ ಮಾತು. ನಾ ಬಾಯಿ ಬಿಟ್ರ ಈ ತಾಲ್ಲೂಕಿನ್ಯಾಗ ಒಂದ ಮನ್ಯಾಗೂ ಒಲಿ ಹೊತ್ತೂದಿಲ್ಲ. ಆ ಪ್ಲೇಟ ಒಡದ ಹಾಕ್ರಿ, ಪುಣ್ಯಾ ಬರತೈತಿ.” ಮಾಳಿಗೆಯ ಮೇಲಿನ ತನ್ನ ಭೋಂಗಾ ಬಿಚ್ಚಿಕೊಂಡು ಹೋಗಲೂ ಅವನು ಓಣಿಯ ಕಡೆ ಬರಲೊಲ್ಲ. ತಾಲ್ಲೂಕಿನ ಎಲ್ಲ ಮನೆಗೂ ಸಂಬಂಧಪಟ್ಟ ಹೆಂಗಸು ಎಂದ ಮೇಲೆ ಅವಳು ಎಂಥವಳಿರಬಹುದೆಂದು ಓಣಿಯ ಗಂಡಸರು ಯೋಚಿಸತೊಡಗಿದರು. ಹೆಂಗಸರು ಗಂಡಸರ ಅಂಗಿ ಮೂಸತೊಡಗಿದರು.

ಲಗಮವ್ವನ ತಮ್ಮ ಮಲಕಾರಿ ತೆಲಸಂಗದಿಂದ ಒಣದ್ರಾಕ್ಷಿ ಸಾಗಿಸುವ ಟೆಂಪೋ ತೆಗೆದುಕೊಂಡು ಬಂದ. ಮೀಸೆಯ ಮೇಲೆ ಎರಡೂ ಕೈ ಇಟ್ಟುಕೊಂಡೇ ಇಳಿದ.

“ಮಾಮಾ, ನಿಮ್ಮ ಮ್ಯಾಲ ನಂದೇನ ಸಿಟ್ಟಿಲ್ಲ. ಆದ್ರ ಆಕಿ ಮನಿ ತೋರಸ್ರಿ. ಒಬ್ಬ ಹೆಂಗಸು ಎದಿ ಮ್ಯಾಲ ಕೈ ಇಟಕೊಂಡು ಇನ್ನೊಬ್ಬಾಕಿ ಗಂಡನ ಹೆಸರ ಹೇಳತಾಳಂದ್ರ ಏನ ಅರ್ಥ! ನಮ್ಮನಿ ಹೆಂಗಸೂರ ನೋಡ್ರಿ. ನಮ್ಮಾಕಿ ಲಗ್ನದಾಗ ಒಡಪ ಹೇಳಿದ್ಲು, ಮುತ್ತ ಉದರಿಸಿದಂಗ. ಊರ ಮಂದಿ ಇನ್ನಾ ನೆನಸ್ತಾರ.”

ಟೆಂಪೋದಲ್ಲಿ ಧರೆಪ್ಪ, ಮಲಕಾರಿ, ಓಣಿಯ ನಾಲ್ಕಾರು ಹಿರಿಯರು, ಸಾಕ್ಷಿಗೆಂದು ನಾನು ಹತ್ತಿದೆವು. ಪ್ಲೇಟನ್ನು ಮಲಕಾರಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಧರೆಪ್ಪ “ಗೀರು ಬೀಳತೈತೋ, ಅಂಚ ಹಿಡಿಯೋ” ಎನ್ನುತ್ತಿದ್ದ. ಸಂಸಾರ ಮುರಿಯುವುದರಲ್ಲಿದ್ದ ಮನುಷ್ಯನಿಗೆ ಪ್ಲೇಟಿನ ಗೀರಿನ ಚಿಂತೆ!

ನಿಪ್ಪಾಣಿಯಲ್ಲಿ ಕೇಳುತ್ತ ಹೋದರೆ ಗೋದಾಮು ಸಿಕ್ಕಿತು. ತಂಬಾಕಿನ ಚೀಲಗಳ ನಡುವೆ ಒಬ್ಬ ಎತ್ತರದ ಮುದುಕ ಕುಳಿತಿದ್ದ, ರಾವಸಾಹೇಬ ಎಂದು. ಜೋಡಗಿಳಿಯ ಮಾಲೀಕ. ಅವನ ಮೀಸೆಯ ಮುಂದೆ ಮಲಕಾರಿಯ ಮೀಸೆ ಎಳೆಗೂಸು.

“ಜೋಡಗಿಳಿ ಕಂಪನಿ ನಿಮ್ಮದೇನ್ರಿ?” ಎಂದು ಮಲಕಾರಿ ಗುಡುಗಿದ.

ರಾವಸಾಹೇಬ ನಮ್ಮನ್ನೆಲ್ಲ ನೋಡಿದ, ಟೆಂಪೋ ನೋಡಿದ, ಪ್ಲೇಟು ನೋಡಿದ. ಅವನ ಕಣ್ಣು ತುಂಬಿಬಂತು.

“ಬಸಾ, ಬಸಾ! ಕುಂದರ್ರಿ! ಅರೇ ದೇವಾ, ನನ್ನ ಕಂಪನಿ ನೆನಪ ಇಟಗೊಂಡು ಒಂದ ಟೆಂಪೋ ಮಂದಿ ಬಂದಾರ! ಇಷ್ಟ ವರ್ಸದಾಗ ಒಂದ ನಾಯೀನೂ ಬಂದ ಕೇಳಿದ್ದಿಲ್ಲ. ಚಹಾ ತರಸ್ತೀನಿ, ಕುಂದರ್ರಿ!”

ಹೊಡೆಯಲು ಹೋದವರಿಗೆ ಚಹಾ ಕೊಟ್ಟರೆ ಏನು ಮಾಡಬೇಕೆಂದು ಮಲಕಾರಿಗೆ ಗೊತ್ತಿರಲಿಲ್ಲ. ಕುಡಿದ. ಧರೆಪ್ಪ ಬಂದ ಕೆಲಸವನ್ನೇ ಮರೆತು, “ಸಾಹೇಬ್ರ, ಆ ಎರಡ ಗಿಳಿ ಚಿತ್ರಾ ಯಾರ ಬರದದ್ದರಿ? ಕುಟ್ಟೂ ಹಾಡಿನ್ಯಾಗ ಬಡಿಯೂದು ಖರೇ ಒನಕೀನ ಏನ್ರಿ?” ಎಂದು ಶುರುಮಾಡಿದ. ರಾವಸಾಹೇಬ ಅವನ ಕೈ ಹಿಡಿದುಕೊಂಡು ಒನಕೆಯ ಕಥೆ ಹೇಳತೊಡಗಿದ. ಇಬ್ಬರೂ ಅತ್ತರು. ಕೊನೆಗೆ ಮಲಕಾರಿ ಧರೆಪ್ಪನ ತೊಡೆ ಚಿವುಟಬೇಕಾಯಿತು.

“ಈ ಮಗ್ಗಲದಾಗ ಒಡಪ ಹೇಳಿದಾಕಿ ಯಾರು?” ಎಂದು ಮಲಕಾರಿ ಕೇಳಿದ.

“ಅದಾ? ನನ್ನ ಕಂಪನಿಗೆ ಅನ್ನಾ ಹಾಕಿದ ಪ್ಲೇಟ ಅದು!” ರಾವಸಾಹೇಬ ಒಂದು ಮರದ ಪೆಟ್ಟಿಗೆ ಎಳೆದ. ಒಳಗೆ ಸಾಲಾಗಿ ಸಣ್ಣ ಪ್ಲೇಟುಗಳು. “ಹೊಸಾ ಮದುಮಗಳಿಗೆ ಬಾಯಿ ಬರೂದಿಲ್ಲ. ಮಂದಿ ಬಾಗಲಾ ಬಿಡೂದಿಲ್ಲ. ಹುಡಗಿ ಅಳತೈತಿ, ಬೀಗರು ಸಿಟ್ಟಾಗ್ತಾರ. ಅದಕ್ಕ ನಾ ಒಂದ ಯುಕ್ತಿ ಮಾಡಿದೆ. ಒಡಪ ಒಂದ, ಹೆಸರ ಬ್ಯಾರೆ ಬ್ಯಾರೆ. ನಮ್ಮ ಕಡೆ ಓಡೋ ಹೆಸರೆಲ್ಲಾ ಮಾಡಸಿದೆ. ಸ್ಪೀಕರಿನವರು ಗುಟ್ಟಾಗಿ ಒಯ್ಯತಿದ್ರು. ಒಂದ ಕೈಲೆ ಮದುಮಗಳ ಮುಂದ ಮೈಕ, ಇನ್ನೊಂದ ಕೈಲೆ ಪ್ಲೇಟಿನ ಮ್ಯಾಲ ಮುಳ್ಳ. ಯಾರಿಗೂ ಗೊತ್ತಾಗೂದಿಲ್ಲ. ಕೇಳ್ರಿ!”

ಅವನು ಹಚ್ಚಿದ. ಬೆಳ್ಳಿ ಬಟ್ಟಲು, ಬೆಲ್ಲದ ಪಾನಕ, “ಮುರಗೆಪ್ಪರಾಯರು ನನ್ನವರು ಕಡೀತನಕ!” ಇನ್ನೊಂದು ಹಚ್ಚಿದ. “ಜಿನ್ನಪ್ಪರಾಯರು ನನ್ನವರು ಕಡೀತನಕ!” ಮತ್ತೊಂದು, “ಜಕ್ಕಪ್ಪರಾಯರು ನನ್ನವರು ಕಡೀತನಕ!”

“ಇದೆಂಥಾ ಹೆಂಗಸ್ರೀ!” ಎಂದು ಮಲಕಾರಿ ಎದ್ದು ನಿಂತ. “ಊರಿಗೆಲ್ಲಾ ಒಬ್ಬಾಕೀನ! ನಾಚಿಗಿ ಇಲ್ಲದಾಕಿ!”

ರಾವಸಾಹೇಬ ಮತ್ತೊಂದನ್ನು ಇಟ್ಟ.

“ಮಲಕಾರಿರಾಯರು ನನ್ನವರು ಕಡೀತನಕ!”

ಮಲಕಾರಿಯ ಕೈ ಮೀಸೆಯ ಮೇಲೇ ನಿಂತಿತು. “ಅದ ದನಿ... ಅದ ಮುತ್ತ...” ಎಂದ. ಓಣಿಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬರು ಎದ್ದು ಪೆಟ್ಟಿಗೆಯೊಳಗೆ ಬಗ್ಗಿ ಏನನ್ನೋ ಹುಡುಕಿ, ಕಂಡು, ಸುಮ್ಮನೆ ಮುಚ್ಚಿಟ್ಟರು. ನನ್ನ ಹೆಸರಿನ ಪ್ಲೇಟೂ ಅದರಲ್ಲಿತ್ತೇ ಎಂದು ಓದುಗರು ಕೇಳಬಹುದು. ಅದು ಈ ಕಥೆಗೆ ಸಂಬಂಧಪಡದ ವಿಷಯ.

“ಆಕಿ ಎಲ್ಲಿ ಅದಾಳ್ರಿ?” ಎಂದು ಧರೆಪ್ಪ ಮೆಲ್ಲಗೆ ಕೇಳಿದ.

“ಎಲ್ಲಿ ಆಕಿ?” ರಾವಸಾಹೇಬ ನಕ್ಕ. “ಯಾವ ಹೆಂಗಸು ಪರಗಂಡಸಿನ ಹೆಸರ ಹಿಡದು ‘ನನ್ನವರು’ ಅಂತಾಳ್ರಿ? ಇಡೀ ನಿಪ್ಪಾಣಿ ತಿರಗಿದೆ. ಬೀಡಿ ಕಟ್ಟೋ ಹೆಂಗಸೂರಿಗೆ ಕೇಳಿದೆ, ಚಪ್ಪಲಿ ತೋರಿಸಿದ್ರು. ನಾಟಕದ ಹೆಂಗಸೂರಿಗೆ ಕೇಳಿದೆ, ಅವರೂ ಒಲ್ಲೆ ಅಂದ್ರು. ಮನ್ಯಾಗ ಕೇಳಿದೆ, ಮೂರ ದಿನ ಉಪಾಸ ಕೆಡವಿದ್ಲು. ಮತ್ತೇನ ಮಾಡೂದು? ಹುಡುಗ ಇದ್ದಾಗ ನಾ ನಾಟಕದಾಗ ಹೆಣ್ಣಿನ ಪಾರ್ಟ ಮಾಡತಿದ್ದೆ...”

ಅವನು ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡ. ಒಮ್ಮೆ ನಾಚಿ ಕೆಮ್ಮಿದ. ಆ ಮಹಾ ಮೀಸೆಯ ಕೆಳಗಿನಿಂದ ಜೇನಿನಂಥ ದನಿ ಬಂತು: “ಧರೆಪ್ಪರಾಯರು ನನ್ನವರು ಕಡೀತನಕ!”

ಧರೆಪ್ಪ ತಂಬಾಕಿನ ಚೀಲದ ಮೇಲೆ ಕುಸಿದು ಕುಳಿತ. “ನೀವೇನ್ರಿ?” ಎಂದ. ಅವನಿಗೆ ಸಮಾಧಾನವಾಗಬೇಕಿತ್ತು. ಸವತಿಯಿಲ್ಲ, ನೌಕರಿ ಉಳಿಯಿತು. ಆದರೆ ಅವನ ಮುಖ ನೋಡಲಾಗಲಿಲ್ಲ. ಹದಿನೆಂಟು ವರ್ಷ ಅವನು ಎದೆಯಲ್ಲಿಟ್ಟುಕೊಂಡಿದ್ದ ದನಿ ಕೈಯಲ್ಲಿ ಚಹಾದ ಕಪ್ಪು-ಬಸಿ ಹಿಡಿದು, ಇನ್ನೊಮ್ಮೆ ಹೇಳಲೇ ಎಂದು ಕೇಳುತ್ತಿತ್ತು.

ರಾವಸಾಹೇಬನನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದೆವು. ದಾರಿಯಲ್ಲಿ ಮಾತಾಡಿದವನು ಅವನೊಬ್ಬನೇ.

ಓಣಿಯಲ್ಲಿ ಹೆಂಗಸರ ಜಾತ್ರೆ ನೆರೆದಿತ್ತು. ಸವತಿ ಕೆಂಪಗಿದ್ದಾಳೋ ಕಪ್ಪಗಿದ್ದಾಳೋ ನೋಡಲು ಮೂರು ಓಣಿಯವರು ಬಂದಿದ್ದರು. ಕಾಶಿಬಾಯಿ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಅವಳ ಹಿಂದೆ ಲಗಮವ್ವ. ಟೆಂಪೋದ ಹಿಂಬಾಗಿಲು ತೆರೆಯಿತು. ಮೊದಲು ಮೀಸೆ ಇಳಿಯಿತು, ಆಮೇಲೆ ರಾವಸಾಹೇಬ ಇಳಿದ.

“ಆಕಿ ಎಲ್ಲಿ?” ಎಂದು ಕಾಶಿಬಾಯಿ ಟೆಂಪೋದೊಳಗೆ ಬಗ್ಗಿದಳು. ಒಣದ್ರಾಕ್ಷಿಯ ಎರಡು ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಸಂಶಯ ತೀರದೆ ಬುಟ್ಟಿಯನ್ನೂ ಎತ್ತಿ ನೋಡಿದಳು.

“ಇವರ ಆಕಿ,” ಎಂದ ಮಲಕಾರಿ, ನೆಲ ನೋಡುತ್ತ. ಒಂದೇ ಒಡಪಿಗೆ ಊರಿನ ಹೆಸರೆಲ್ಲ ಹಚ್ಚಿ ಪೆಟ್ಟಿಗೆ ತುಂಬಿದ ಯುಕ್ತಿಯನ್ನು ರಾವಸಾಹೇಬ ಓಣಿಗೆಲ್ಲ ಹೆಮ್ಮೆಯಿಂದ ವಿವರಿಸಿದ.

ಮಾಳಿಗೆಯ ಮೇಲೆ ಭೋಂಗಾ ಇನ್ನೂ ಇತ್ತು. ಉಸ್ಮಾನನನ್ನು ರಟ್ಟೆ ಹಿಡಿದು ತಂದು ಮಷೀನು ಚಾಲೂ ಮಾಡಿಸಿದೆವು. ರಾವಸಾಹೇಬ ಟವೆಲು ಹೊದ್ದು ಮೈಕಿನ ಮುಂದೆ ನಾಚಿದ. ಬೆಳ್ಳಿ ಬಟ್ಟಲದಿಂದ ಕಡೀತನಕದವರೆಗೆ ಪೂರ್ತಿ ಒಡಪು ಹೇಳಿದ. ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡರು. ಲಗಮವ್ವ ಮಾತ್ರ ನಗಲಿಲ್ಲ. ಹತ್ತಿರ ಬಂದಳು. ಅವನ ಹಿಂದೆ ಯಾರಾದರೂ ಅಡಗಿದ್ದಾರೇನೋ ಎಂದು ಸುತ್ತು ಹಾಕಿ ನೋಡಿದಳು. “ಇನ್ನೊಮ್ಮೆ ಹೇಳ್ರಿ,” ಎಂದು ಅವನ ಬಾಯಿಯನ್ನೇ ದಿಟ್ಟಿಸಿದಳು. ರಾವಸಾಹೇಬ ಇನ್ನೊಮ್ಮೆ ಹೇಳಿದ. ಮೀಸೆ ಅಲ್ಲಾಡಿದ್ದನ್ನು ಕಣ್ಣಾರೆ ಕಂಡ ಮೇಲೆ ಲಗಮವ್ವನಿಗೆ ನಗು ಬಂತು. ಅವಳು ನಕ್ಕಿದ್ದನ್ನು ನಮ್ಮ ಓಣಿ ಅದೇ ಮೊದಲು ಕೇಳಿತು. ನಕ್ಕು ನಕ್ಕು ನೆಲಕ್ಕೆ ಕುಳಿತಳು.

ಆ ಗದ್ದಲದಲ್ಲಿ ಕಾಶಿಬಾಯಿ ರಾವಸಾಹೇಬನ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದಳು: “ಆ ಪೆಟಗ್ಯಾಗ... ನಮ್ಮನಿಯವರ ಹೆಸರಿಂದು... ಒಡದ ಹಾಕಾಕ ಬರತೈತೇನ್ರಿ?” ಅವಳ ಹಿಂದೆ ನಿಂತಿದ್ದ ಮುರಗೆಪ್ಪ ಕೆಮ್ಮಿದ. ಆ ದಿನದಿಂದ ಕಾಶಿಬಾಯಿ ಬೇರೆಯವರ ಅಂಗಿಯ ವಾಸನೆಯ ಸುದ್ದಿಗೆ ಹೋಗಲಿಲ್ಲ.

ಎಲ್ಲರೂ ನಗುವಾಗ ಧರೆಪ್ಪ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಪ್ಲೇಟು ತೊಡೆಯ ಮೇಲಿತ್ತು.

“ಮತ್ತೇನಾತು? ಸವತಿ ಇಲ್ಲ ಅಂತ ಆತಲ್ಲ,” ಎಂದಳು ಲಗಮವ್ವ ಕಣ್ಣೊರೆಸಿಕೊಳ್ಳುತ್ತ.

“ಹೌದು, ಇಲ್ಲ,” ಎಂದ ಧರೆಪ್ಪ. “ಹಂಗಾದ್ರ ನನ್ನ ಹೆಸರ ಯಾರೂ ಹೇಳೇ ಇಲ್ಲ. ನೀ ಒಮ್ಮೆ ಹೇಳಿದ್ದಿ ಅಂತ ತಿಳಕೊಂಡಿದ್ದೆ. ಸಿಟ್ಟಿಗೇಳಲಿ, ಬಯ್ಯಲಿ, ಒಮ್ಮೆ ಹೇಳ್ಯಾಳಲ್ಲ ಅಂತಿದ್ದೆ. ಆತ ಬಿಡು.” ಪ್ಲೇಟನ್ನು ಅವಳ ಕಡೆ ಚಾಚಿದ. “ತಗೋ. ಒಲಿಗೆ ಹಾಕು.”

ಲಗಮವ್ವ ಪ್ಲೇಟು ತೆಗೆದುಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಂಡು ತನ್ನ ಮನೆಯ ಬಾಗಿಲಿಗೆ ಹೋಗಿ ಹೊಸ್ತಿಲ ಹೊರಗೆ ನಿಂತಳು. ಉಸ್ಮಾನ ರೂಢಿಯಂತೆ ಮೈಕು ತಂದು ಅವಳ ಬಾಯಿಯ ಮುಂದೆ ಹಿಡಿದ. ರೂಢಿಯಂತೆಯೇ ಅವನ ಇನ್ನೊಂದು ಕೈ ಪ್ಲೇಟಿನ ಪೆಟ್ಟಿಗೆಯ ಕಡೆ ಹೋಯಿತು.

“ಕೈ ತಗಿ, ಉಸ್ಮಾನ,” ಎಂದಳು ಲಗಮವ್ವ.

ಉಸ್ಮಾನ ಕೈ ತೆಗೆದ. ಅವಳು ಗಂಟಲು ಸರಿಮಾಡಿಕೊಂಡಳು. ಭೋಂಗಾದಿಂದ ದನಿ ಬಂತು. ಜೇನು ಗೀನು ಏನೂ ಇಲ್ಲ. ತಪ್ಪಿಸಿಕೊಂಡ ಎಮ್ಮೆಯನ್ನು ಕರೆಯುವ ದನಿ. ಬಸ್ ನಿಲ್ದಾಣದಲ್ಲಿ ನಿಂತವರೂ ಕೇಳಿದರಂತೆ.

“ತಂಬಾಕ ನಾರತೈತಿ ಪ್ಲೇಟಿನ ಪೆಟ್ಟಿ,
ಮೀಸಿ ಇರೋ ಸವತಿ ಬಂದಾಳ ಗಟ್ಟಿ,
ನಡೀರಿ ಒಳಗ, ಧರೆಪ್ಪರಾಯರ, ಬಡೀತೀನಿ ರೊಟ್ಟಿ!”

ಹೇಳಿ, ಬಲಗಾಲಿಟ್ಟು ಹೊಸ್ತಿಲು ದಾಟಿ ಒಳಗೆ ಹೋದಳು.

ಧರೆಪ್ಪ ಎದ್ದು ನಿಂತಿದ್ದ. ಪ್ಲೇಟು ಕೈಯಿಂದ ಜಾರಿ ಕಟ್ಟೆಯ ಕಲ್ಲಿಗೆ ಬಡಿದು ಎರಡು ಹೋಳಾದದ್ದು ಅವನಿಗೆ ಗೊತ್ತಾಗಲಿಲ್ಲ. ರಾವಸಾಹೇಬ ಅಯ್ಯೋ ಎಂದ.

“ಹಿಡದ್ಯೇನೋ ಉಸ್ಮಾನ?” ಎಂದು ಧರೆಪ್ಪ ಅವನ ಭುಜ ಹಿಡಿದು ಅಲ್ಲಾಡಿಸಿದ. “ಕ್ಯಾಸೆಟ್ಟಿನ್ಯಾಗ ಹಿಡದ್ಯೇನ?”

“ಕ್ಯಾಸೆಟ್ ಅಂದ್ರ ನಿಮಗ ಆಗಿಬರೂದಿಲ್ಲ ಅಂತ ನಾ ತಂದಿದ್ದಿಲ್ರಿ!”

ಧರೆಪ್ಪ ಬಾಗಿಲಿಗೆ ಓಡಿದ. “ಏ, ಇನ್ನೊಮ್ಮೆ ಹೇಳ! ಒಂದ ಸಲ! ನಾ ಛಲೋತ್ನಂಗ ಕೇಳಲಿಲ್ಲ!”

ಒಳಗಿಂದ ಉತ್ತರ ಬಂತು. ಉಸ್ಮಾನ ಮೈಕು ಆರಿಸಿರಲಿಲ್ಲವಾದ್ದರಿಂದ ನಮಗೆಲ್ಲ ಕೇಳಿತು.

“ಇನ್ನೊಮ್ಮೆ ಇನ್ನೊಮ್ಮೆ ಅನ್ನಾಕ ನಾ ಏನ ಪ್ಲೇಟೇನ್ರಿ?”

ಆಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಧರೆಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.